ನೆತ್ತರಿನ ಕೆಂಪನ್ನು ಅಳೆಯುವ ಬಗೆ

ವೈದ್ಯರು ರೋಗಿಯ ಕೆಳಗಿನ ಕಣ್ಣುರೆಪ್ಪೆಯನ್ನು ಎಳೆದು ಒಳಮೈ ಬಿಳಿಚಿದೆಯೇ ಎಂದು ನೋಡುವುದನ್ನು ನೀವು ಕಂಡಿರಬಹುದು. ಬಿಳಿಚಿಕೆಯು ರಕ್ತಹೀನತೆಯ ಕುರುಹು. ಆದರೆ ಕೊರತೆಯು ಅಲ್ಪವಾಗಿದ್ದಾಗ ಕಣ್ಣು ಮೋಸಹೋಗುತ್ತದೆ. ಆಮ್ಲಜನಕವನ್ನು ಹೊತ್ತೊಯ್ಯುವ ಹೀಮೋಗ್ಲೋಬಿನ್ ರಕ್ತದಲ್ಲಿ ಎಷ್ಟಿದೆ ಎಂಬುದನ್ನು ಅಳೆದೇ ತಿಳಿಯಬೇಕು.

ಸಾಹ್ಲಿಯ ಹಳೆಯ ವಿಧಾನದಲ್ಲಿ ರಕ್ತವನ್ನು ದುರ್ಬಲ ಹೈಡ್ರೊಕ್ಲೋರಿಕ್ ಆಮ್ಲದೊಡನೆ ಬೆರೆಸುತ್ತಾರೆ. ಕಂದುಬಣ್ಣದ ದ್ರಾವಣವು ಉಂಟಾಗುತ್ತದೆ. ಅದಕ್ಕೆ ಭಟ್ಟಿಯಿಳಿಸಿದ ನೀರನ್ನು ತೊಟ್ಟುತೊಟ್ಟಾಗಿ ಸೇರಿಸಿ, ಪಕ್ಕದ ಕಂದುಗಾಜಿನ ಬಣ್ಣಕ್ಕೆ ಸರಿಹೊಂದಿಸಿ, ಕೊಳವೆಯ ಮೇಲಿನ ಗೀಟನ್ನು ಓದುತ್ತಾರೆ. ಇಲ್ಲಿಯೂ ತೀರ್ಪುಗಾರನು ಕಣ್ಣೇ. ಇಬ್ಬರು ನೋಡಿದರೆ ಎರಡು ಉತ್ತರಗಳು ಬರಬಹುದು.

ಕಣ್ಣಿನ ಬದಲು ದ್ಯುತಿಕೋಶವನ್ನಿರಿಸಿದರೆ ಈ ಸಂದೇಹವು ನೀಗುತ್ತದೆ. 1960ರ ದಶಕದಲ್ಲಿ ಅಂತರರಾಷ್ಟ್ರೀಯ ಮನ್ನಣೆ ಪಡೆದ ಸಯನ್‌ಮೆಟ್‌ಹೀಮೋಗ್ಲೋಬಿನ್ ವಿಧಾನದ ತಿರುಳು ಇದೇ. 20 ಘನ ಮಿಲಿಮೀಟರ್ ರಕ್ತವನ್ನು 5 ಮಿಲಿಲೀಟರ್ ಡ್ರಾಬ್ಕಿನ್ ದ್ರಾವಣದಲ್ಲಿ ಬೆರೆಸುತ್ತಾರೆ. ಅದರಲ್ಲಿರುವ ಫೆರಿಸಯನೈಡ್ ಹೀಮೋಗ್ಲೋಬಿನ್ನಿನ ಕಬ್ಬಿಣವನ್ನು ಉತ್ಕರ್ಷಿಸುತ್ತದೆ. ಸಯನೈಡ್ ಅದಕ್ಕೆ ಅಂಟಿಕೊಂಡು ಸ್ಥಿರವಾದ ಬಣ್ಣವನ್ನು ಕೊಡುತ್ತದೆ. ಈ ದ್ರಾವಣವನ್ನು 1 ಸೆಂಟಿಮೀಟರ್ ದಪ್ಪದ ಗಾಜಿನ ಪಾತ್ರೆಯಲ್ಲಿರಿಸಿ, 540 ನ್ಯಾನೊಮೀಟರ್ ಅಲೆಯುದ್ದದ ಹಸಿರು ಬೆಳಕನ್ನು ಹಾಯಿಸಬೇಕು.

ಬೆಳಕು ಸರಿಯಾಗಿ ಅರ್ಧಕ್ಕೆ ಇಳಿಯಿತೆನ್ನೋಣ. ಆಗ 100 ಮಿಲಿಲೀಟರ್ ರಕ್ತದಲ್ಲಿ ಸುಮಾರು 11 ಗ್ರಾಂ ಹೀಮೋಗ್ಲೋಬಿನ್ ಇದೆಯೆಂದರ್ಥ. ಹೀಮೋಗ್ಲೋಬಿನ್ ಇಮ್ಮಡಿಯಾದರೆ ಬೆಳಕು ಪೂರ್ತಿ ಆರಿಹೋಗುವುದೇ? ಇಲ್ಲ, ಉಳಿದ ಅರ್ಧದಲ್ಲಿ ಮತ್ತೆ ಅರ್ಧ ಹೋಗಿ ಕಾಲುಭಾಗ ಉಳಿಯುತ್ತದೆ. ಬೆಳಕಿನ ಈ ಇಳಿತವು ಗುಣೋತ್ತರ ಕ್ರಮದ್ದಾದುದರಿಂದಲೇ ಲೆಕ್ಕಕ್ಕೆ ಲಾಗರಿದಂ ಬೇಕಾಗುತ್ತದೆ. ತರಗತಿಯಲ್ಲಿ ಒಣ ಗಣಿತವೆಂದು ತೋರಿದ್ದು ಇಲ್ಲಿ ರೋಗಿಯ ಕೈಹಿಡಿಯುತ್ತದೆ.

ಆದರೆ ಯಂತ್ರವೆಷ್ಟೇ ಸೂಕ್ಷ್ಮವಾಗಿದ್ದರೂ ಕೈಯ ಅಜಾಗರೂಕತೆಯನ್ನು ಅದು ತಿದ್ದಲಾರದು. ಪಿಪೆಟ್ಟಿನ ತುದಿಯ ಹೊರಮೈಯನ್ನು ಒರಸದೆ 1 ಘನ ಮಿಲಿಮೀಟರ್ ರಕ್ತವು ಹೆಚ್ಚಾಗಿ ಸೇರಿತೆನ್ನಿ. ತಪ್ಪು ನೂರಕ್ಕೆ ಐದು. 11.5 ಗ್ರಾಂ ಇದ್ದುದು 12.1 ಎಂದು ತೋರುತ್ತದೆ. ಗರ್ಭಿಣಿಯಲ್ಲದ ವಯಸ್ಕ ಸ್ತ್ರೀಗೆ ವಿಶ್ವ ಆರೋಗ್ಯ ಸಂಸ್ಥೆಯು ಹಾಕಿರುವ ಗಡಿ 12 ಗ್ರಾಂ. ಚಿಕಿತ್ಸೆ ಬೇಕಾದವಳು ಆರೋಗ್ಯವಂತಳೆನಿಸಿಕೊಂಡು ಮನೆಗೆ ಮರಳುವಳು! ಬೆರಳನ್ನು ಬಲವಾಗಿ ಹಿಂಡಿದರೆ ಇದಕ್ಕೆ ವಿರುದ್ಧವಾದ ತಪ್ಪು: ಊತಕದ್ರವವು ಬೆರೆತು ರಕ್ತವು ತೆಳುವಾಗುತ್ತದೆ.

ಸಯನೈಡ್ ವಿಷವಾದುದರಿಂದ ಆ ದ್ರಾವಣವನ್ನು ಬಾಯಿಂದ ಹೀರಕೂಡದು. ಆಮ್ಲದೊಡನೆ ಬೆರೆಸಲೂ ಕೂಡದು. ಇಂದಿನ ಅನೇಕ ಯಂತ್ರಗಳು ಸಯನೈಡ್ ಇಲ್ಲದ ದ್ರಾವಣಗಳನ್ನು ಬಳಸುತ್ತವೆ. ದ್ರಾವಣ ಬದಲಾದರೂ ತತ್ತ್ವವು ಬದಲಾಗಿಲ್ಲ: ಎಷ್ಟು ಬೆಳಕು ಹೊಕ್ಕಿತು, ಎಷ್ಟು ಹೊರಬಂತು ಎಂಬ ಎರಡೇ ಪ್ರಶ್ನೆಗಳಿಂದ ರಕ್ತದ ಬಲವು ತಿಳಿಯುತ್ತದೆ.