ಡಾಲ್ಫಿನ್ ಈಜಿಸುವ ಕೈ

ಲಕ್ವ ಹೊಡೆದವರಿಗೆ ತರಬೇತಿ ಕೊಡುವ ಕೊಠಡಿಗಳಲ್ಲಿ ಕೂತು ಸಂಶೋಧಕರು ಒಂದು ಲೆಕ್ಕ ಇಟ್ಟರು. ಲೋಟ ಹಿಡಿಯುವುದು, ಎದುರಿಗಿರುವ ವಸ್ತುವಿಗೆ ಕೈ ಚಾಚುವುದು ಮುಂತಾದ ದಿನಬಳಕೆಯ ಚಲನೆಗಳನ್ನು ರೋಗಿಯ ಸೋತ ಕೈ ಒಂದು ಸರದಿಯ ಚಿಕಿತ್ಸೆಯಲ್ಲಿ ಎಷ್ಟು ಸಲ ಮಾಡುತ್ತದೆ? ಅಮೆರಿಕದ ಕ್ಯಾಥರೀನ್ ಲ್ಯಾಂಗ್ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ಉತ್ತರ: ಸರಾಸರಿ 32 ಸಲ. ಪೆಟ್ಟು ತಿಂದ ಮಿದುಳು ತನ್ನನ್ನು ತಾನೇ ತಿದ್ದಿಕೊಂಡ ಪ್ರಾಣಿಪ್ರಯೋಗಗಳಲ್ಲಾದರೋ ದಿನಕ್ಕೆ ನೂರಾರು ಸಲ ಅಭ್ಯಾಸ ನಡೆದಿತ್ತು. ಈ 32ನ್ನು ನೂರಾರು ಮಾಡುವುದು ಹೇಗೆ? ವರ್ಚುವಲ್ ರಿಯಾಲಿಟಿ, ಅಂದರೆ ಮಿಥ್ಯಾವಾಸ್ತವ, ನೆರವಿಗೆ ಬರುವುದು ಇಲ್ಲಿ.

ಮಿದುಳಿನ ರಕ್ತನಾಳದಲ್ಲಿ ಹೆಪ್ಪು ಸಿಕ್ಕಿಕೊಂಡರೆ ಅಥವಾ ನಾಳವೇ ಒಡೆದರೆ ಪಾರ್ಶ್ವವಾಯು. ಮಿದುಳಿನಿಂದ ಹೊರಟ ಚಲನೆಯ ನರಗಳಲ್ಲಿ ಹೆಚ್ಚಿನವು ಮಿದುಳುಕಾಂಡದ ಬುಡದಲ್ಲಿ ಪಕ್ಕ ಬದಲಿಸುವುದರಿಂದ ಎಡ ಮಿದುಳಿಗೆ ಪೆಟ್ಟಾದರೆ ಬಲಗೈ ಬೀಳುತ್ತದೆ. ಸ್ನಾಯು, ಮೂಳೆಗಳಿಗೆ ಏನೂ ಆಗಿರುವುದಿಲ್ಲ. ಅಪ್ಪಣೆ ಬರುವ ದಾರಿ ಕಡಿದಿರುತ್ತದೆ. ಪಾರ್ಶ್ವವಾಯು ಹೆಚ್ಚಾಗಿ ಕಾಡುವ, ಮಿದುಳಿನ ಮಧ್ಯ ಧಮನಿಯೇ ಕೈ ಮತ್ತು ಮುಖವನ್ನು ಆಡಿಸುವ ಭಾಗಕ್ಕೆ ರಕ್ತ ಒಯ್ಯುತ್ತದೆ. ‘ಓಡಾಡ್ತಾರೆ, ಕೈ ಮಾತ್ರ ಬರಲಿಲ್ಲ’ ಎಂಬ ಮಾತು ಅಷ್ಟೊಂದು ಮನೆಗಳಲ್ಲಿ ಕೇಳಿಬರಲು ಇದೂ ಒಂದು ಕಾರಣ.

ಸತ್ತ ನರಕೋಶಗಳು ಮರಳುವುದಿಲ್ಲ. ಆದರೆ ಅಕ್ಕಪಕ್ಕದವು ಹೊಸ ಕೆಲಸ ಕಲಿಯಬಲ್ಲವು. ರ‍್ಯಾಂಡಲ್ಫ್ ನೂಡೋ ತಂಡ 1996ರಲ್ಲಿ ಪುಟ್ಟ ಕೋತಿಗಳಲ್ಲಿ ಇದನ್ನು ತೋರಿಸಿತು. ಮಿದುಳಿನಲ್ಲಿ ಕೈಗೆ ಮೀಸಲಾದ ಜಾಗದ ಒಂದು ಚೂರು ಹಾಳಾದ ಮೇಲೆ, ಸಣ್ಣ ಗುಳಿಗಳಿಂದ ತಿನಿಸು ಹೆಕ್ಕುವ ತರಬೇತಿ ಪಡೆದ ಕೋತಿಗಳಲ್ಲಿ ಉಳಿದ ಜಾಗ ಹಾಗೇ ಉಳಿಯಿತು. ಕೆಲವುಗಳಲ್ಲಿ ಮೊಣಕೈ, ಹೆಗಲಿನ ಜಾಗಕ್ಕೂ ಹಬ್ಬಿತು. ತರಬೇತಿ ಸಿಗದವುಗಳಲ್ಲಿ ಉಳಿದದ್ದೂ ಕುಗ್ಗಿತ್ತು. ಸೋತ ಕೈಯನ್ನು ಮಡಿಲಲ್ಲಿಟ್ಟುಕೊಂಡು ಎಲ್ಲವನ್ನೂ ಒಳ್ಳೆಯ ಕೈಯಿಂದಲೇ ಮಾಡುತ್ತಾ ಹೋದರೆ, ಬಳಸದೆ ಇರುವುದನ್ನೇ ಮಿದುಳು ರೂಢಿ ಮಾಡಿಕೊಳ್ಳುತ್ತದೆ.

ಹಾಗೆಂದು, ಎತ್ತಲಾರದ ಕೈಯನ್ನು ಎತ್ತುತ್ತಲೇ ಇರುವುದು ಸುಲಭವಲ್ಲ. ಮೊದಲ ವಾರದ ಛಲ ಮೂರನೆಯ ವಾರಕ್ಕೆ ಬತ್ತುತ್ತದೆ. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ ನರವಿಜ್ಞಾನಿ ಜಾನ್ ಕ್ರಾಕೌರ್ ಮತ್ತು ಸಂಗಡಿಗರು ಈ ಬೇಸರಕ್ಕೇ ಮದ್ದು ಹುಡುಕಿದರು. ಪರದೆಯ ಮೇಲೆ ಕಡಲು, ಅದರಲ್ಲೊಂದು ಡಾಲ್ಫಿನ್. ರೋಗಿಯ ಕೈ ಸರಿದತ್ತ ಅದು ಈಜುತ್ತದೆ, ಮೀನು ಹಿಡಿಯುತ್ತದೆ, ಶಾರ್ಕ್‌ಗಳನ್ನು ಎದುರಿಸುತ್ತದೆ. ತೋಳಿನ ಭಾರವನ್ನು ಯಂತ್ರವೊಂದು ಹೊತ್ತಿರುತ್ತದೆ. ‘ಕೈ ಎತ್ತಿ, ಇಳಿಸಿ’ ಎಂದು ಹೇಳುವವರಿಲ್ಲ. ತೊಟ್ಟಿಲಲ್ಲಿ ಕೈ ಬೀಸುತ್ತಾ ತನ್ನ ಕೈಯ ಪರಿಚಯ ಮಾಡಿಕೊಳ್ಳುವ ಕೂಸಿನಂತೆ ರೋಗಿ ಎಲ್ಲ ದಿಕ್ಕಿಗೂ ಕೈಯಾಡಿಸುತ್ತಾನೆ.

ಕನ್ನಡಕದಂತೆ ತಲೆಗೆ ಕಟ್ಟುವ ಹೆಡ್‌ಸೆಟ್ ಇರಲಿ, ಟಿವಿ ಪರದೆಯ ಮುಂದಿನ ಸೆನ್ಸರ್ ಇರಲಿ, ತತ್ವ ಒಂದೇ. ಕೈ ಎಷ್ಟು ದೂರ ಹೋಯಿತು, ಎಲ್ಲಿ ನಡುಗಿತು ಎಂದು ಯಂತ್ರ ಅಳೆಯುತ್ತದೆ. ರೋಗಿ ಗೆದ್ದರೆ ಆಟವನ್ನು ಒಂದು ಮೆಟ್ಟಿಲು ಕಠಿಣಗೊಳಿಸುತ್ತದೆ, ಸೋತರೆ ಒಂದು ಮೆಟ್ಟಿಲು ಇಳಿಸುತ್ತದೆ. ಬಾರ್ಸಿಲೋನಾದ ಸಂಶೋಧಕರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಸೋತ ಕೈಯ ಚಲನೆಯನ್ನು ಪರದೆಯ ಮೇಲೆ ಸ್ವಲ್ಪ ಹಿಗ್ಗಿಸಿ ತೋರಿಸಿದಾಗ ರೋಗಿಗಳು ಆ ಕೈಯನ್ನೇ ಹೆಚ್ಚು ಆರಿಸಿಕೊಂಡರು. ‘ನನ್ನಿಂದ ಆಗುತ್ತದೆ’ ಎಂಬ ನಂಬಿಕೆಗೆ ಸ್ನಾಯುವಿನಷ್ಟೇ ಬಲವಿದೆ.

ಹಾಗಾದರೆ ಇದು ಮಾಮೂಲಿ ಚಿಕಿತ್ಸೆಗಿಂತ ಮೇಲೇ? ನಾಲ್ಕು ದೇಶಗಳ 141 ರೋಗಿಗಳ ಮೇಲೆ ನಡೆದು 2016ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಅರ್ಧ ಜನ ನಿಂಟೆಂಡೋ ವೀ ಎಂಬ ವಿಡಿಯೋ ಗೇಮ್ ಆಡಿದರು, ಉಳಿದವರು ಇಸ್ಪೀಟು, ಬಿಂಗೋ, ಚೆಂಡಿನಂಥ ಆಟ ಆಡಿದರು. ಎರಡೂ ಗುಂಪಿನವರ ಕೈ ಸುಧಾರಿಸಿತು, ಹೆಚ್ಚುಕಡಿಮೆ ಒಂದೇ ಸಮ. 72 ಪ್ರಯೋಗಗಳನ್ನು ಒಟ್ಟಿಗೆ ತೂಗಿದ 2017ರ ಕಾಕ್ರೇನ್ ವರದಿಯೂ ಮಾಮೂಲಿ ಚಿಕಿತ್ಸೆಯ ಬದಲಿಗೆ ಕೊಟ್ಟಾಗ ವರ್ಚುವಲ್ ರಿಯಾಲಿಟಿ ಹೆಚ್ಚಿನದೇನೂ ಸಾಧಿಸಲಿಲ್ಲ, ಅದರ ಜೊತೆಗೆ ಸೇರಿಸಿದಾಗ ಲಾಭವಾಯಿತು ಎಂದಿತು. ಡಾಲ್ಫಿನ್ ಆಟದ್ದೂ ಇದೇ ಕಥೆ: ಅಷ್ಟೇ ಹೊತ್ತು ಸಾಂಪ್ರದಾಯಿಕ ತರಬೇತಿ ಪಡೆದವರೂ ಆಟವಾಡಿದವರಷ್ಟೇ ಚೇತರಿಸಿಕೊಂಡರು. ಕೈಯನ್ನು ಬದಲಿಸುವುದು ಪರದೆಯಲ್ಲ, ಪರದೆಯ ಮುಂದೆ ಕೈ ದುಡಿದ ಹೊತ್ತು. ಆ ಹೊತ್ತನ್ನು ಬೇಸರವಿಲ್ಲದೆ ಹೆಚ್ಚಿಸುವುದೇ ಈ ತಂತ್ರಜ್ಞಾನದ ದೊಡ್ಡ ಗುಣ.

ನಮ್ಮಲ್ಲಿ ಆ ಹೊತ್ತೇ ದುರ್ಲಭ. ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಫಿಸಿಯೋಥೆರಪಿಗೆಂದು ಬಸ್ಸು ಹತ್ತಿ ಪಟ್ಟಣಕ್ಕೆ ಹೋಗಿಬರುವುದು ಹಳ್ಳಿಯವರಿಗೆ ಎಷ್ಟು ದಿನ ಸಾಧ್ಯ? ಮನೆಯವರಿಗೇ ವ್ಯಾಯಾಮ ಕಲಿಸಿ ಕಳಿಸುವ ದಾರಿಯನ್ನು ಭಾರತದ 14 ಆಸ್ಪತ್ರೆಗಳ 1,250 ರೋಗಿಗಳಲ್ಲಿ ಪರೀಕ್ಷಿಸಲಾಯಿತು. 2017ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಅದು ಎಂದಿನ ಆರೈಕೆಗಿಂತ ಮೇಲಾಗಲಿಲ್ಲ. ಅಕ್ಕರೆಯೊಂದೇ ಸಾಲದು, ಅಭ್ಯಾಸವನ್ನು ಎಣಿಸುವ, ತಿದ್ದುವ, ಹುರಿದುಂಬಿಸುವ ಕಣ್ಣೊಂದು ಬೇಕು. ಅಗ್ಗದ ಸೆನ್ಸರ್ ಮನೆಗೆ ಬಂದು, ಅದು ಕಳಿಸಿದ ಲೆಕ್ಕವನ್ನು ದೂರದ ಥೆರಪಿಸ್ಟ್ ನೋಡುವಂತಾದರೆ ಆ ಕಣ್ಣು ಹಳ್ಳಿಗೂ ತಲುಪೀತು.

ಆದರೂ ಮನುಷ್ಯರ ಉಸ್ತುವಾರಿ ತಪ್ಪದು. ಗೆಲ್ಲುವ ಆತುರದಲ್ಲಿ ರೋಗಿ ಕೈ ಚಾಚುವ ಬದಲು ಸೊಂಟವನ್ನೇ ಮುಂದೆ ಬಾಗಿಸುತ್ತಾನೆ, ಹೆಗಲನ್ನು ಕಿವಿಯವರೆಗೆ ಎತ್ತುತ್ತಾನೆ. ಆಗ ಬಲಿಯುವುದು ತಪ್ಪು ಅಭ್ಯಾಸವೇ. ಹೆಡ್‌ಸೆಟ್ ಕೆಲವರಿಗೆ ತಲೆಸುತ್ತು ತರುತ್ತದೆ. ಮಿಥ್ಯಾಲೋಕದ ಲೋಟಕ್ಕೆ ತೂಕವೂ ಇಲ್ಲ, ಬಿಸಿಯೂ ಇಲ್ಲ.

ಬೇರೆ ದೇಶಗಳ ಕೆಲವು ಆಟಗಳು ಕಪ್, ಚಮಚ ಹಿಡಿಯುವುದನ್ನು ಕಲಿಸುತ್ತವೆ. ನಮ್ಮ ಬಲಗೈಯ ಪರೀಕ್ಷೆ ತಟ್ಟೆಯಲ್ಲಿದೆ. ಸಾರನ್ನ ಕಲಸಿ, ಬೆರಳ ತುದಿಯಲ್ಲಿ ಒಟ್ಟುಮಾಡಿ, ಚೆಲ್ಲದಂತೆ ಬಾಯಿಗೆ ಒಯ್ಯಲು ಐದೂ ಬೆರಳು, ಮಣಿಕಟ್ಟು, ಮೊಣಕೈ, ಹೆಗಲು ಒಂದಾಗಿ ದುಡಿಯಬೇಕು. ಇನ್ನೊಬ್ಬರು ತುತ್ತಿಡುವಾಗ ಹಿರಿಯರೊಬ್ಬರು ಮುಖ ತಗ್ಗಿಸುವುದನ್ನು ಕಂಡವರಿಗೆ ಆ ಚಲನೆಯ ಬೆಲೆ ಗೊತ್ತು. ಕಡಲಲ್ಲಿ ಡಾಲ್ಫಿನ್ ಈಜಿಸಿದ ಕೈ ಒಂದು ಮಧ್ಯಾಹ್ನ ಆ ತುತ್ತನ್ನು ತಾನೇ ಎತ್ತಬೇಕು. ಅದಕ್ಕಾಗಿಯೇ ಈ ನೂರಾರು ಸಲ.