ಬೈಕಲ್ಲಿ ಇಬ್ಬರೇ ನೇಪಾಳಕ್ಕೆ ಹೊರಟ್ರಾ? ಹಿಂದೆ ಕೂರುವವರ ವಿಮೆ ಮೊದಲು ನೋಡಿ

ದಾವಣಗೆರೆ: ವಾರದ ಕೊನೆ ಬಂದರೆ ಸಾಕು, ಬೈಕ್ ಹತ್ತಿ ಜೋಗಕ್ಕೋ ಚಿಕ್ಕಮಗಳೂರಿಗೋ ಹೋಗಿ ಬರುವ ಗಂಡ-ಹೆಂಡತಿ ನಮ್ಮ ಜಿಲ್ಲೆಯಲ್ಲಿ ಕಡಿಮೆ ಏನಿಲ್ಲ. ಅಂಥವರಲ್ಲಿ ಕೆಲವರ ಮುಂದಿನ ಆಸೆ ಫಾರಿನ್ ಟ್ರಿಪ್. ಅದೂ ನಮ್ಮದೇ ಬೈಕಲ್ಲಿ, ನಮ್ಮದೇ ಕೆಎ-17 ನಂಬರ್ ಪ್ಲೇಟ್ ಇಟ್ಕೊಂಡು. ಆಗುತ್ತಾ? ಆಗುತ್ತೆ. ಆದ್ರೆ ಹೊರಡೋ ಮುಂಚೆ ಬಹುತೇಕರು ಟೈರ್ ನೋಡ್ತಾರೆ, ಬ್ಯಾಗ್ ನೋಡ್ತಾರೆ, ಮ್ಯಾಪ್ ನೋಡ್ತಾರೆ. ಹಿಂದಿನ ಸೀಟಿನಲ್ಲಿ ಕೂರುವವರ ವಿಮೆ ಮಾತ್ರ ನೋಡಲ್ಲ.

ಇಬ್ಬರ ಪ್ರವಾಸಕ್ಕೆ ಏನೇನು ತಯಾರಿ ಬೇಕು? ಇಲ್ಲಿದೆ ಮಾಹಿತಿ.

ನೇಪಾಳವೇ ಯಾಕೆ?

ಸ್ವಂತ ಬೈಕಲ್ಲಿ ದೇಶ ದಾಟಲು ಭಾರತೀಯರಿಗೆ ಅತಿ ಸುಲಭವಾದ ದೇಶ ನೇಪಾಳ. ವೀಸಾ ಬೇಕಿಲ್ಲ. ನಮ್ಮ ಡಿಎಲ್ ಅಲ್ಲಿ ನಡೆಯುತ್ತೆ. ವಾಹನ ಓಡಿಸೋದು ನಮ್ಮ ಹಾಗೆ ಎಡಗಡೆಯೇ. ಬೇರೆ ಹಲವು ದೇಶಗಳಿಗೆ ವಾಹನ ಒಯ್ಯಲು ಕಾರ್ನೆ ಎಂಬ ಕಸ್ಟಮ್ಸ್ ದಾಖಲೆ ಮಾಡಿಸಿ ದೊಡ್ಡ ಮೊತ್ತ ಠೇವಣಿ ಇಡಬೇಕು. ನೇಪಾಳಕ್ಕೆ ಅದೂ ಬೇಡ.

ಭೂತಾನ್‌ಗೂ ವೀಸಾ ಬೇಕಿಲ್ಲ, ಆದರೆ ಪರ್ಮಿಟ್ ಬೇಕು. ಜೊತೆಗೆ ಭಾರತೀಯರು ತಲಾ ರಾತ್ರಿಗೆ 1,200 ರೂ. ಸುಸ್ಥಿರ ಅಭಿವೃದ್ಧಿ ಶುಲ್ಕ ಕಟ್ಟಬೇಕು. ಇಬ್ಬರಿಗೆ ಒಂದು ರಾತ್ರಿಗೆ 2,400 ರೂ. ಆಯ್ತು.

ವಿಯೆಟ್ನಾಂಗೆ ಹೋಗಿ ಬಾಡಿಗೆ ಬೈಕ್ ಓಡಿಸುವವರು ಇನ್ನೊಂದು ವಿಷಯ ತಿಳಿದಿರಲಿ. ನಮ್ಮ ಆರ್‌ಟಿಒ ಕೊಡುವ ಅಂತಾರಾಷ್ಟ್ರೀಯ ಡ್ರೈವಿಂಗ್ ಪರ್ಮಿಟ್ 1949ರ ಜಿನೀವಾ ಒಪ್ಪಂದದ್ದು. ವಿಯೆಟ್ನಾಂ ಮಾನ್ಯ ಮಾಡೋದು 1968ರ ವಿಯೆನ್ನಾ ಒಪ್ಪಂದದ ಪರ್ಮಿಟ್. ಬಾಡಿಗೆ ಅಂಗಡಿಯವರು ಕೇಳದೇ ಬೈಕ್ ಕೊಡಬಹುದು. ಆದ್ರೆ ಅಪಘಾತ ಆದ್ರೆ 'ಮಾನ್ಯ ಲೈಸೆನ್ಸ್ ಇಲ್ಲ' ಅಂತ ವಿಮಾ ಕಂಪನಿ ಕೈ ಎತ್ತಬಹುದು.

ವಿಮೆ: ಇಲ್ಲೇ ಎಡವೋದು

ನಮ್ಮ ಬೈಕ್ ಪಾಲಿಸಿ ತೆಗೆದು ನೋಡಿದರೆ ಅದು ಅನ್ವಯಿಸುವ ಪ್ರದೇಶ 'ಇಂಡಿಯಾ' ಎಂದಿರುತ್ತೆ. ಅಂದ್ರೆ ಗಡಿ ದಾಟಿದ ಕ್ಷಣ ಆ ಪಾಲಿಸಿ ಕೆಲಸಕ್ಕೆ ಬರಲ್ಲ. ಇದಕ್ಕೆ ಪರಿಹಾರ ಇದೆ. ನೇಪಾಳ, ಭೂತಾನ್, ಬಾಂಗ್ಲಾದೇಶ, ಶ್ರೀಲಂಕಾದಂಥ ನೆರೆ ದೇಶಗಳಿಗೆ ಪಾಲಿಸಿಯ ವ್ಯಾಪ್ತಿ ವಿಸ್ತರಿಸಲು ಅವಕಾಶ ಇದೆ. ಅದಕ್ಕೆ ಕಟ್ಟುವ ಹೆಚ್ಚುವರಿ ಪ್ರೀಮಿಯಂ ದೊಡ್ಡ ಮೊತ್ತ ಅಲ್ಲ. ಆನ್‌ಲೈನ್ ಪಾಲಿಸಿ ಮಾಡಿಸುವಾಗ ಈ ಆಯ್ಕೆ ಸಾಮಾನ್ಯವಾಗಿ ಕಣ್ಣಿಗೆ ಬೀಳಲ್ಲ. ಹಾಗಾಗಿ ಹೊರಡುವ ಎರಡು-ಮೂರು ವಾರ ಮೊದಲೇ ಕಂಪನಿಯ ಶಾಖೆಗೋ ಏಜೆಂಟರಿಗೋ ಕೇಳಿ, ಲಿಖಿತವಾಗಿ ಪಡೆಯಬೇಕು.

ಇನ್ನು ಹಿಂಬದಿ ಸವಾರರ ವಿಷಯ. ಹಳೇ ಬೈಕ್‌ಗೆ ಬಹಳ ಜನ ಥರ್ಡ್ ಪಾರ್ಟಿ ವಿಮೆ ಮಾತ್ರ ಕಟ್ಟಿರ್ತಾರೆ. ಪೊಲೀಸರು ಹಿಡಿದಾಗ ತೋರಿಸಲು ಅಷ್ಟೇ ಸಾಕು. ಆದ್ರೆ ಕಾಯ್ದೆಯಡಿ ಕಡ್ಡಾಯವಾದ ಆ ವಿಮೆಯಷ್ಟೇ ಇದ್ದರೆ, ಬೈಕಿನ ಹಿಂದೆ ಕೂತವರ ಪರಿಹಾರ ಕಂಪನಿಯ ಹೊಣೆಯಲ್ಲ ಎಂದು ಸುಪ್ರೀಂ ಕೋರ್ಟ್ 2006ರಲ್ಲೇ ಹೇಳಿದೆ. ಕಾಂಪ್ರಹೆನ್ಸಿವ್ ಅಥವಾ ಪ್ಯಾಕೇಜ್ ಪಾಲಿಸಿಯಲ್ಲಿ ಹಿಂಬದಿ ಸವಾರರೂ ಸೇರುತ್ತಾರೆ ಎಂದು ವಿಮಾ ನಿಯಂತ್ರಣ ಪ್ರಾಧಿಕಾರ 2009ರಲ್ಲಿ ಸ್ಪಷ್ಟಪಡಿಸಿತ್ತು.

'15 ಲಕ್ಷದ ಅಪಘಾತ ವಿಮೆ ಇದೆಯಲ್ಲ' ಅಂತ ಕೆಲವರು ಹೇಳೋದುಂಟು. ಆ 15 ಲಕ್ಷ ಬೈಕಿನ ಮಾಲೀಕರೇ ಓಡಿಸುತ್ತಿದ್ದಾಗ ಮಾಲೀಕರಿಗೆ ಮಾತ್ರ. ಹಿಂದೆ ಕೂತ ಹೆಂಡತಿಗೆ ಅಲ್ಲ. ಆರ್‌ಸಿ ಗಂಡನ ಹೆಸರಲ್ಲಿದ್ದು ನಡುವೆ ಹೆಂಡತಿ ಓಡಿಸಿದರೆ ಆಗಲೂ ಆಕೆಗೆ ಅದು ಸಿಗಲ್ಲ. ಇಬ್ಬರೂ ಓಡಿಸುವ ಯೋಚನೆ ಇದ್ದರೆ ಹಿಂಬದಿ ಸವಾರರ ಅಪಘಾತ ವಿಮೆ ಸೇರಿಸೋದು ಅಥವಾ ಇಬ್ಬರ ಹೆಸರಲ್ಲೂ ಪ್ರತ್ಯೇಕ ವೈಯಕ್ತಿಕ ಅಪಘಾತ ಪಾಲಿಸಿ ಮಾಡಿಸೋದು ಒಳ್ಳೇದು.

ಆಸ್ಪತ್ರೆ ಖರ್ಚಿಗೆ ಟ್ರಾವೆಲ್ ಇನ್ಶೂರೆನ್ಸ್ ಬೇರೆಯೇ ಬೇಕು. ಅದರಲ್ಲಿ ಎರಡು ಪ್ರಶ್ನೆ ಕೇಳಿ: ಬೈಕ್ ಸವಾರಿಗೆ ಅನ್ವಯಿಸುತ್ತಾ? ಎಷ್ಟು ಎತ್ತರದವರೆಗೆ ಅನ್ವಯಿಸುತ್ತಾ? ನೇಪಾಳದ ಬೆಟ್ಟದ ಮೇಲೆ ಆರೋಗ್ಯ ಕೆಟ್ಟರೆ ಕೆಲವೊಮ್ಮೆ ಹೆಲಿಕಾಪ್ಟರೇ ಗತಿ. ಆ ಬಿಲ್ ಸಣ್ಣದಿರಲ್ಲ.

ಗಡಿಯಲ್ಲಿ ಏನೇನು ಬೇಕು?

ಗುರುತಿಗೆ ಪಾಸ್‌ಪೋರ್ಟ್ ಅಥವಾ ಚುನಾವಣಾ ಆಯೋಗದ ವೋಟರ್ ಐಡಿ, ಇಬ್ಬರದ್ದೂ. ಆಧಾರ್ ಒಂದೇ ನಂಬಿ ಹೊರಡಬೇಡಿ. ಅದು ಸಾಮಾನ್ಯವಾಗಿ 15ಕ್ಕಿಂತ ಕಿರಿಯರಿಗೆ, 65 ದಾಟಿದವರಿಗೆ ಮಾತ್ರ ನಡೆಯುವ ದಾಖಲೆ.

ಬೈಕ್‌ಗೆ 'ಭನ್ಸಾರ್' ಮಾಡಿಸಬೇಕು. ನೇಪಾಳಿಯಲ್ಲಿ ಭನ್ಸಾರ್ ಅಂದ್ರೆ ಕಸ್ಟಮ್ಸ್. ಉತ್ತರ ಪ್ರದೇಶದ ಸೋನೌಲಿ ದಾಟಿದರೆ ಸಿಗುವ ಬೆಲಹಿಯಾದಲ್ಲಿ ಕಚೇರಿ ಇದೆ. ಆರ್‌ಸಿ, ಡಿಎಲ್ ತೋರಿಸಿ, ಎಷ್ಟು ದಿನ ಇರ್ತೀರಿ ಅಂತ ಹೇಳಿ, ದಿನದ ಲೆಕ್ಕದಲ್ಲಿ ಹಣ ಕಟ್ಟಿ ಚೀಟಿ ಪಡೆಯಬೇಕು. ಮೊಬೈಲಿನ ಡಿಜಿಲಾಕರ್ ಸಾಲದು. ಮೂಲ ಕಾರ್ಡ್‌ಗಳು ಮತ್ತು ಎರಡು ಸೆಟ್ ಜೆರಾಕ್ಸ್ ಇರಲಿ. ಬೈಕ್ ಸವಾರರ ಹೆಸರಲ್ಲೇ ಇದ್ದರೆ ತಕರಾರು ಕಡಿಮೆ.

ಚೀಟಿಯ ದಿನ ಮುಗಿದ ಮೇಲೆ ಸಿಕ್ಕರೆ ದಂಡ. ಹಾಗಾಗಿ ಎಂಟು ದಿನದ ಪ್ಲಾನ್ ಇದ್ದರೆ ಹತ್ತು ದಿನಕ್ಕೆ ಕಟ್ಟೋದು ಜಾಣತನ. ಗುಡ್ಡ ಕುಸಿದು ರಸ್ತೆ ಬಂದ್ ಆಗೋದು ಅಲ್ಲಿ ಹೊಸದೇನಲ್ಲ. ಗಡಿಯಲ್ಲೇ ನೇಪಾಳದ ಥರ್ಡ್ ಪಾರ್ಟಿ ವಿಮೆಯನ್ನೂ ಕೇಳಿ ಮಾಡಿಸಿ. 'ಕೊಡಿ ಸಾರ್, ನಾನು ಮಾಡಿಸ್ತೀನಿ' ಅನ್ನುವ ದಲ್ಲಾಳಿಗಳು ದಾರಿಯಲ್ಲೇ ಸಿಗ್ತಾರೆ. ನೇರ ಕೌಂಟರ್‌ಗೆ ಹೋದರೆ ಸಾಕು.

ದಿನದ ಲೆಕ್ಕ ಮೊದಲು ಹಾಕಿ

ದಾವಣಗೆರೆಯಿಂದ ಹೊಸಪೇಟೆ, ವಿಜಯಪುರ, ಸೊಲ್ಲಾಪುರ, ನಾಗಪುರ, ಜಬಲ್‌ಪುರ, ಪ್ರಯಾಗ್‌ರಾಜ್, ವಾರಾಣಸಿ, ಗೋರಖ್‌ಪುರ ಮೂಲಕ ಸೋನೌಲಿಗೆ ಸುಮಾರು 2,100 ಕಿ.ಮೀ. ಒಬ್ಬರೇ ಇದ್ದಾಗ ದಿನಕ್ಕೆ 500 ಕಿ.ಮೀ. ಹೊಡೆಯುವವರೂ ಇಬ್ಬರಿದ್ದಾಗ 350ಕ್ಕೆ ನಿಲ್ಲಿಸೋದು ಒಳ್ಳೇದು. ಅಲ್ಲಿಗೆ ಹೋಗಲು ಆರು ದಿನ, ಬರಲು ಆರು ದಿನ. ನೇಪಾಳದಲ್ಲಿ ಎಂಟು ದಿನ ಹಿಡಿದರೆ ಒಟ್ಟು ಇಪ್ಪತ್ತು ದಿನ ರಜೆ ಬೇಕು.

ಅಷ್ಟು ರಜೆ ಇಲ್ಲ ಅನ್ನುವವರಿಗೆ ರೈಲು ಇದೆ. ಯಶವಂತಪುರದಿಂದ ಗೋರಖ್‌ಪುರಕ್ಕೆ ನೇರ ರೈಲು ಇದ್ದು, ಬೈಕನ್ನು ಪಾರ್ಸೆಲ್ ಮಾಡಬಹುದು. ಪೆಟ್ರೋಲ್ ಪೂರ್ತಿ ಖಾಲಿ ಮಾಡಿ, ಪ್ಯಾಕಿಂಗ್ ಮಾಡಿಸಿ, ಆರ್‌ಸಿ ಮತ್ತು ಗುರುತಿನ ಚೀಟಿಯ ಜೆರಾಕ್ಸ್ ಕೊಡಬೇಕು. ನೀವು ಹೋದ ರೈಲಲ್ಲೇ ಬೈಕ್ ಬರುತ್ತೆ ಅನ್ನುವ ಖಾತ್ರಿ ಇಲ್ಲ, ಒಂದೆರಡು ದಿನ ಕೈಯಲ್ಲಿರಲಿ. ಗೋರಖ್‌ಪುರದಿಂದ ಗಡಿ ನೂರು ಕಿ.ಮೀ. ಒಳಗೇ ಇದೆ.

ಪೆಟ್ರೋಲ್ ಲೆಕ್ಕ ಹೀಗಿದೆ: ಹೋಗಿ ಬರಲು 4,200, ನೇಪಾಳದಲ್ಲಿ 800, ಒಟ್ಟು 5,000 ಕಿ.ಮೀ. ಇಬ್ಬರು ಮತ್ತು ಲಗೇಜ್ ಇದ್ದಾಗ ಲೀಟರಿಗೆ 30 ಕಿ.ಮೀ. ಕೊಟ್ಟರೆ 167 ಲೀಟರ್. ಲೀಟರಿಗೆ 100 ರೂ. ಅಂತ ಹಿಡಿದರೂ 16,700 ರೂ.

ಮಳೆಗಾಲದಲ್ಲಿ ಬೇಡ

ಅಕ್ಟೋಬರ್-ನವೆಂಬರ್ ಅಥವಾ ಮಾರ್ಚ್-ಏಪ್ರಿಲ್ ಒಳ್ಳೆಯ ಕಾಲ. ಜೂನ್‌ನಿಂದ ಸೆಪ್ಟೆಂಬರ್ ಬೇಡವೇ ಬೇಡ. 2024ರ ಜುಲೈನಲ್ಲಿ ನಾರಾಯಣಘಾಟ್-ಮುಗ್ಲಿಂಗ್ ರಸ್ತೆಯಲ್ಲಿ ಗುಡ್ಡ ಕುಸಿದು ಎರಡು ಬಸ್ಸುಗಳು ತ್ರಿಶೂಲಿ ನದಿಗೆ ಬಿದ್ದಿದ್ದವು. ಅವುಗಳಲ್ಲಿ 60ಕ್ಕೂ ಹೆಚ್ಚು ಜನ ಇದ್ದರು. ಕಠ್ಮಂಡುವಿಗೆ ಹೋಗುವ ಮುಖ್ಯ ದಾರಿ ಅದು. ದಸೈನ್, ಅಂದ್ರೆ ಅಲ್ಲಿನ ದಸರಾ ಹಬ್ಬದ ದಿನಗಳಲ್ಲಿ ಕಚೇರಿಗಳು ಮುಚ್ಚಿರುತ್ತವೆ. ಅದನ್ನೂ ನೋಡಿಕೊಂಡು ಹೊರಡಿ.

ಇಬ್ಬರ ಭಾರಕ್ಕೆ ಬೈಕ್ ತಯಾರಿ

ಹಿಂಬದಿ ಸವಾರರು ಇದ್ದಾಗ ಹಿಂದಿನ ಟೈರ್‌ಗೆ ಗಾಳಿ ಎಷ್ಟಿರಬೇಕು ಅಂತ ಬೈಕಿನ ಪುಸ್ತಕದಲ್ಲೇ ಇದೆ. ಹಿಂದಿನ ಶಾಕ್ ಅಬ್ಸಾರ್ಬರ್ ಗಟ್ಟಿ ಮಾಡಿಸಿ. ಬ್ರೇಕ್ ಪ್ಯಾಡ್, ಚೈನ್ ಅರ್ಧ ಸವೆದಿದ್ದರೂ ಬದಲಿಸಿ. ಭಾರದ ಸಾಮಾನು ಕೆಳಗೆ, ಸೀಟಿನ ಎರಡೂ ಪಕ್ಕದ ಬ್ಯಾಗ್‌ಗಳಲ್ಲಿ ಸಮವಾಗಿ ಇರಲಿ. ಕ್ಯಾರಿಯರ್ ಮೇಲೆ ಎತ್ತರಕ್ಕೆ ಕಟ್ಟಿದರೆ ತಿರುವಿನಲ್ಲಿ ಬೈಕ್ ಎಳೆಯುತ್ತೆ. ಕ್ಲಚ್ ಕೇಬಲ್, ಟ್ಯೂಬ್, ಪಂಕ್ಚರ್ ಕಿಟ್ ಜೊತೆಗಿರಲಿ.

ಓಡಿಸುವವರಿಗೆ ಸಾವಿರಾರು ರೂಪಾಯಿ ಹೆಲ್ಮೆಟ್, ಹಿಂದೆ ಕೂರುವವರಿಗೆ ರಸ್ತೆ ಬದಿಯ 300 ರೂಪಾಯಿ ಟೋಪಿ: ಈ ಲೆಕ್ಕ ಬಿಡಿ. ಬಿದ್ದರೆ ಇಬ್ಬರೂ ಬೀಳೋದು ಒಂದೇ ರಸ್ತೆಗೆ. ಫುಲ್ ಫೇಸ್ ಹೆಲ್ಮೆಟ್, ಜಾಕೆಟ್, ಗ್ಲೌಸ್, ಪಾದ ಮುಚ್ಚುವ ಶೂ ಇಬ್ಬರಿಗೂ ಬೇಕು. ಒಂದೂವರೆ ಗಂಟೆಗೊಮ್ಮೆ ಇಳಿದು ಕೈಕಾಲು ಆಡಿಸಿ. ಎಲ್ಲಿ ನಿಲ್ಲಬೇಕು ಅನ್ನೋದನ್ನ ಹಿಂದೆ ಕೂತವರೇ ಹೇಳಲಿ. ಸೊಂಟ ಮೊದಲು ಹಿಡಿಯೋದು ಅವರಿಗೇ. ಹೊರಡುವ ಮೊದಲು ಇಷ್ಟೇ ಲಗೇಜ್ ಕಟ್ಟಿಕೊಂಡು ಹಂಪಿಗೋ ಆಗುಂಬೆ ಘಾಟಿಗೋ ಎರಡು ದಿನ ಹೋಗಿ ಬಂದರೆ ಅರ್ಧ ಸಮಸ್ಯೆ ಅಲ್ಲೇ ಗೊತ್ತಾಗುತ್ತೆ.

ಮುಕ್ತಿನಾಥಕ್ಕೆ ಹೋಗೋದಾದ್ರೆ

ಸೋನೌಲಿಯಿಂದ ಬುಟವಲ್, ತಾನ್ಸೆನ್ ಮೂಲಕ ಪೋಖರಾ ಸುಮಾರು 180 ಕಿ.ಮೀ. ಇಡೀ ದಿನದ ಘಾಟಿ ದಾರಿ. ಅಲ್ಲಿಂದ ಬೇನಿ, ಜೋಮ್‌ಸೋಮ್ ದಾಟಿ ಮುಕ್ತಿನಾಥ. ನಮ್ಮ ಕಡೆ ಮನೆಗಳಲ್ಲಿ ಪೂಜಿಸುವ ಸಾಲಿಗ್ರಾಮ ಸಿಗೋದು ಈ ದಾರಿಯುದ್ದಕ್ಕೂ ಹರಿಯುವ ಕಾಳಿ ಗಂಡಕಿಯಲ್ಲೇ. ಪೋಖರಾ ಇರೋದು 800 ಮೀಟರ್ ಆಸುಪಾಸಿನ ಎತ್ತರದಲ್ಲಿ, ಮುಕ್ತಿನಾಥ 3,700 ಮೀಟರ್‌ಗೂ ಮೇಲೆ. ಒಂದೇ ದಿನದಲ್ಲಿ ಹತ್ತಿದರೆ ತಲೆನೋವು, ವಾಂತಿ ಶುರುವಾಗಬಹುದು. ಹಾಗಾಗಿ ತಾತೋಪಾನಿಯಲ್ಲಿ ಒಂದು, ಜೋಮ್‌ಸೋಮ್‌ನಲ್ಲಿ ಒಂದು ರಾತ್ರಿ ತಂಗಿ. ಇಬ್ಬರಲ್ಲಿ ಯಾರಿಗೆ ಲಕ್ಷಣ ಕಂಡರೂ ಇಬ್ಬರೂ ಕೆಳಗೆ ಇಳಿಯಬೇಕು, 'ಇನ್ನು ಸ್ವಲ್ಪವೇ ದೂರ' ಅನ್ನಬಾರದು. ಜೋಮ್‌ಸೋಮ್ ಕಣಿವೆಯಲ್ಲಿ ಮಧ್ಯಾಹ್ನದ ಮೇಲೆ ಬೀಸುವ ಗಾಳಿ ಬೈಕನ್ನೇ ಅಲುಗಾಡಿಸುತ್ತೆ, ಆ ಹಾದಿಯನ್ನು ಬೆಳಗ್ಗೆಯೇ ಮುಗಿಸಿ. ಅನ್ನಪೂರ್ಣ ಸಂರಕ್ಷಣಾ ಪ್ರದೇಶದ ಪರ್ಮಿಟ್ ಪೋಖರಾದಲ್ಲೇ ಸಿಗುತ್ತೆ.

ದುಡ್ಡು, ಫೋನ್

ನಮ್ಮ 100 ರೂ. ಅಲ್ಲಿನ 160 ರೂ.ಗೆ ಸಮ. 100ರ ಮತ್ತು ಅದಕ್ಕಿಂತ ಸಣ್ಣ ನೋಟು ಒಯ್ಯಿರಿ. 200, 500ರ ನೋಟಿನ ನಿಯಮ ಬದಲಾಗುತ್ತಿರುತ್ತೆ, ಬ್ಯಾಂಕಲ್ಲಿ ಕೇಳಿ. 2024ರಿಂದ ಹಲವು ಅಂಗಡಿಗಳಲ್ಲಿ ಯುಪಿಐ ಕೂಡ ನಡೆಯುತ್ತೆ. ನಮ್ಮ ಸಿಮ್‌ಗೆ ರೋಮಿಂಗ್ ಹಾಕಿಸಬೇಕು ಅಥವಾ ಅಲ್ಲಿನ ಸಿಮ್ ಕೊಳ್ಳಬೇಕು. ಗಡಿಯಾರ 15 ನಿಮಿಷ ಮುಂದಿಡಿ.

ಹೊರಡುವ ಹಿಂದಿನ ದಿನ

ಪಾಲಿಸಿಗಳ ಪ್ರತಿ, ಭನ್ಸಾರ್‌ಗೆ ಬೇಕಾದ ಜೆರಾಕ್ಸ್, ಇಬ್ಬರ ರಕ್ತದ ಗುಂಪು, ಮನೆಯವರ ಫೋನ್ ನಂಬರ್ ಬರೆದು ಎರಡು ಕವರ್ ಮಾಡಿ. ಒಂದು ಓಡಿಸುವವರ ಜೇಬಲ್ಲಿ, ಇನ್ನೊಂದು ಹಿಂದೆ ಕೂರುವವರ ಜೇಬಲ್ಲಿ ಇರಲಿ. ಮೂರನೇ ಪ್ರತಿ ಊರಲ್ಲಿ ಅಪ್ಪ-ಅಮ್ಮನ ಕೈಯಲ್ಲಿರಲಿ. ವಿಮೆಯ ವಿಸ್ತರಣೆ ಲಿಖಿತವಾಗಿ ಕೈಗೆ ಬರೋವರೆಗೂ ಹೊರಡುವ ದಿನ ಗೊತ್ತು ಮಾಡಬೇಡಿ.