ಒಂದು ರೋಗ, ಎರಡು ವಿಮೆ: ಗೃಹಸ್ಥರು ಅರಿಯಬೇಕಾದ ವಿಚಾರ

ರೋಗವು ಹೇಳಿ ಕೇಳಿ ಬರುವುದಿಲ್ಲ. ಬಂದಾಗಲಾದರೋ ಮನೆಯಲ್ಲಿ ಕೂಡಿಟ್ಟ ಹಣವನ್ನೂ, ಕೆಲವೊಮ್ಮೆ ಹಿರಿಯರಿಂದ ಬಂದ ಹೊಲವನ್ನೂ ನುಂಗಿಬಿಡುತ್ತದೆ. ಹಂಪಸಾಗರ, ಹಗರಿಬೊಮ್ಮನಹಳ್ಳಿ, ಹಡಗಲಿ ಸೀಮೆಯ ಕುಟುಂಬಗಳು ದೊಡ್ಡ ಚಿಕಿತ್ಸೆಗಾಗಿ ದಾವಣಗೆರೆ, ಬಳ್ಳಾರಿ, ಹುಬ್ಬಳ್ಳಿಗಳತ್ತ ಹೋಗಬೇಕಾಗುತ್ತದೆ. ಇಂದು ಇಂತಹ ಕೆಲವು ಮನೆಗಳಲ್ಲಿ ಎರಡು ಆರೋಗ್ಯ ವಿಮೆಗಳಿರುವುದುಂಟು. ತಂದೆ ತಾವೇ ಪ್ರೀಮಿಯಂ ಕಟ್ಟಿ ಪಡೆದದ್ದು ಒಂದು. ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ಮಗನ ಕಂಪನಿಯು ತಂದೆತಾಯಿಗಳನ್ನೂ ಸೇರಿಸಿ ಮಾಡಿಸಿದ್ದು ಇನ್ನೊಂದು. ಇವೆರಡನ್ನೂ ಒಂದೇ ಚಿಕಿತ್ಸೆಗೆ ಬಳಸಬಹುದೇ? ಬಳಸಬಹುದು, ಆದರೆ ಅದರ ಕ್ರಮವನ್ನು ಅರಿತಿರಬೇಕು.

ಆಸ್ಪತ್ರೆಯ ವೆಚ್ಚವನ್ನು ಭರಿಸುವ ವಿಮೆಯು ನಷ್ಟವನ್ನು ತುಂಬಿಕೊಡುವುದೇ ಹೊರತು ಲಾಭವನ್ನು ತರುವಂಥದಲ್ಲ. ಒಂದೇ ಬಿಲ್ಲಿನ ಪೂರ್ಣ ಹಣವನ್ನು ಎರಡು ಕಡೆಯಿಂದಲೂ ಪಡೆಯುವುದು ನಿಯಮಕ್ಕೂ ಸಲ್ಲದು, ಧರ್ಮಕ್ಕೂ ಸಲ್ಲದು. ನಿರ್ದಿಷ್ಟ ಗಂಭೀರ ರೋಗ ಕಂಡುಬಂದೊಡನೆ ಗೊತ್ತುಪಡಿಸಿದ ಮೊತ್ತವನ್ನು ಕೊಡುವ ಪಾಲಿಸಿಗಳು ಮಾತ್ರ ಇದಕ್ಕೆ ಅಪವಾದ. ಅವುಗಳ ಹಣ ಪ್ರತ್ಯೇಕವಾಗಿಯೇ ಸಿಗುತ್ತದೆ.

ಹಿಂದೆ ಎರಡು ವಿಮಾ ಕಂಪನಿಗಳು ವೆಚ್ಚವನ್ನು ತಮ್ಮೊಳಗೆ ಪ್ರಮಾಣಾನುಸಾರ ಹಂಚಿಕೊಳ್ಳುವ ಪದ್ಧತಿಯಿದ್ದು, ರೋಗಿಯ ಮನೆಯವರು ಎರಡೂ ಕಚೇರಿಗಳಿಗೆ ಅಲೆಯಬೇಕಾಗುತ್ತಿತ್ತು. ವಿಮಾ ನಿಯಂತ್ರಣ ಪ್ರಾಧಿಕಾರದ 2013ರ ನಿಯಮಾವಳಿಯು ಯಾವ ಪಾಲಿಸಿಯನ್ನು ಮೊದಲು ಬಳಸಬೇಕೆಂಬ ಆಯ್ಕೆಯನ್ನು ವಿಮೆದಾರನಿಗೇ ಒಪ್ಪಿಸಿತು. 2024ರ ಮೇ 29ರ ಸುತ್ತೋಲೆಯು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಮೊದಲ ಪಾಲಿಸಿಯ ಮೊತ್ತ ಸಾಲದಾದಾಗ ಉಳಿದ ಹಣಕ್ಕಾಗಿ ಇನ್ನೊಂದು ಕಂಪನಿಯೊಡನೆ ವ್ಯವಹರಿಸುವ ಹೊಣೆಯನ್ನು ಮೊದಲ ಕಂಪನಿಗೇ ವಹಿಸಿದೆ.

ಒಂದು ಉದಾಹರಣೆಯನ್ನು ತೆಗೆದುಕೊಳ್ಳೋಣ. ತಂದೆಯ ಸ್ವಂತ ಪಾಲಿಸಿ 3 ಲಕ್ಷ ರೂಪಾಯಿ. ಮಗನ ಕಂಪನಿಯ ಪಾಲಿಸಿ 4 ಲಕ್ಷ. ಹೃದಯ ಶಸ್ತ್ರಚಿಕಿತ್ಸೆಯ ಬಿಲ್ಲು 5 ಲಕ್ಷ 40 ಸಾವಿರ. ಅದರಲ್ಲಿ ವಿಮೆಗೆ ಒಳಪಡದ ಬಾಬುಗಳು 40 ಸಾವಿರ. ಮೊದಲು ಕಂಪನಿಯ ಪಾಲಿಸಿಯಿಂದ 4 ಲಕ್ಷ, ಬಳಿಕ ಸ್ವಂತ ಪಾಲಿಸಿಯಿಂದ 1 ಲಕ್ಷ ದೊರೆತರೆ ಮನೆಯವರ ಕೈಯಿಂದ ಹೋಗುವುದು 40 ಸಾವಿರ ಮಾತ್ರ. ಬಿಲ್ಲು 4 ಲಕ್ಷದೊಳಗೇ ಮುಗಿದರೆ ಸ್ವಂತ ಪಾಲಿಸಿಯನ್ನು ಮುಟ್ಟಬೇಕಿಲ್ಲ. ಕ್ಲೇಮು ಇಲ್ಲದ ವರ್ಷಕ್ಕೆ ಬೋನಸ್ ಕೊಡುವ ಪಾಲಿಸಿಯಾಗಿದ್ದರೆ ಅದೂ ಉಳಿಯುತ್ತದೆ.

ಕಾಗದಪತ್ರಗಳ ವಿಷಯದಲ್ಲಿ ಉದಾಸೀನ ಸಲ್ಲದು. ಆಸ್ಪತ್ರೆಗೆ ಸೇರುವಾಗಲೇ ಎರಡೂ ಪಾಲಿಸಿಗಳ ವಿವರ ಕೊಡಬೇಕು. ಪಾಲಿಸಿಯಲ್ಲಿ ಹೇಳಿದ ಅವಧಿಯೊಳಗೆ ಎರಡೂ ಕಂಪನಿಗಳಿಗೆ ತಿಳಿಸಬೇಕು. ಮೂಲ ಬಿಲ್ಲುಗಳು ಮೊದಲ ಕಂಪನಿಗೆ ಹೋಗುವುದರಿಂದ ಅವುಗಳ ದೃಢೀಕೃತ ಪ್ರತಿಗಳನ್ನೂ, ಎಷ್ಟು ಹಣ ಸಂದಾಯವಾಯಿತೆಂಬ ಇತ್ಯರ್ಥ ಪತ್ರವನ್ನೂ ಪಡೆದಿಡಬೇಕು. ಹೊಸ ಪಾಲಿಸಿ ಮಾಡಿಸುವಾಗ ಹಳೆಯ ಪಾಲಿಸಿಯನ್ನಾಗಲಿ, ಇರುವ ಸಕ್ಕರೆ ಕಾಯಿಲೆ, ರಕ್ತದೊತ್ತಡಗಳನ್ನಾಗಲಿ ಮರೆಮಾಚಬಾರದು; ಮರೆಮಾಚಿದ ಸಂಗತಿಯೇ ಕಷ್ಟಕಾಲದಲ್ಲಿ ಕೈಕೊಡುತ್ತದೆ.

ಇನ್ನೊಂದು ಮಾತನ್ನು ನಾವು ಒತ್ತಿ ಹೇಳಬಯಸುತ್ತೇವೆ. ಮಗನ ಕಂಪನಿಯ ವಿಮೆಯಿದೆಯೆಂದು ಹಿರಿಯರ ಸ್ವಂತ ಪಾಲಿಸಿಯನ್ನು ಕೈಬಿಡುವುದು ವಿವೇಕವಲ್ಲ. ಮಗ ಉದ್ಯೋಗ ಬಿಟ್ಟರೆ ಆ ರಕ್ಷಣೆಯೂ ಸಾಮಾನ್ಯವಾಗಿ ಅಲ್ಲಿಗೇ ಮುಗಿಯುತ್ತದೆ. ಅರವತ್ತೈದರ ವಯಸ್ಸಿನಲ್ಲಿ ಹೊಸ ಪಾಲಿಸಿ ಮಾಡಿಸಿದರೆ, ಮೊದಲೇ ಇರುವ ರೋಗಗಳಿಗೆ 3 ವರ್ಷಗಳವರೆಗೂ ಕಾಯಬೇಕಾಗಬಹುದು.

ಖಾಸಗಿ ವಿಮೆಯಿಲ್ಲದವರು ನಿರಾಶರಾಗಬೇಕಿಲ್ಲ. 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯು ಬಡತನ ರೇಖೆಗಿಂತ ಕೆಳಗಿನ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆಯನ್ನೂ, ಉಳಿದವರಿಗೆ ನಿಗದಿತ ದರದ ಶೇ. 30ರಷ್ಟು ನೆರವನ್ನೂ ಗೊತ್ತುಮಾಡಿತು. 2003ರಲ್ಲಿ ಸಹಕಾರಿ ರೈತರಿಗೆ ತಿಂಗಳಿಗೆ 5 ರೂಪಾಯಿಯಂತೆ ಚಾಲನೆಗೆ ಬಂದ ಯಶಸ್ವಿನಿ ಯೋಜನೆಯು ನಡುವೆ ನಿಂತು, 2023ರ ಜನವರಿಯಿಂದ ಮತ್ತೆ ಜಾರಿಗೆ ಬಂದಿತು. ಇದರ ಅರ್ಹತೆಯನ್ನು ಊರಿನ ಸಹಕಾರ ಸಂಘದಲ್ಲಿ ವಿಚಾರಿಸಬಹುದು.

ನ್ಯಾಯವಾದ ಕ್ಲೇಮನ್ನು ಕಂಪನಿ ತಿರಸ್ಕರಿಸಿದರೆ ಮೊದಲು ಅಲ್ಲಿಯೇ ಲಿಖಿತ ದೂರು ಕೊಡಬೇಕು. ಒಂದು ತಿಂಗಳಲ್ಲಿ ಪರಿಹಾರ ದೊರೆಯದಿದ್ದರೆ ಬೆಂಗಳೂರಿನಲ್ಲಿರುವ ವಿಮಾ ಒಂಬುಡ್ಸ್‌ಮನ್ ಅವರಿಗೆ ಶುಲ್ಕವಿಲ್ಲದೆ ಮೊರೆಹೋಗಬಹುದು.

ಓದುಗ ಬಂಧುಗಳು ಈ ವಾರವೇ ಮನೆಯ ಪಾಲಿಸಿಗಳನ್ನೆಲ್ಲ ಒಂದು ಕಡತದಲ್ಲಿರಿಸಿ, ಅದು ಎಲ್ಲಿದೆಯೆಂಬುದನ್ನು ಮನೆಯ ತಾಯಂದಿರಿಗೂ ತಿಳಿಸಲಿ. ಯಜಮಾನರೇ ಹಾಸಿಗೆ ಹಿಡಿದ ದಿನ ಅದನ್ನು ಹುಡುಕಬೇಕಾದವರು ಅವರೇ ಅಲ್ಲವೇ?